ಆಮೆಯ ದನಿ

ಲ್ಯಾಬಿನಿಂದ ಡಾಕ್ಟರಿಗೆ ಕಳಿಸಿದ್ದ ಕಟ್ಟುಹಲ್ಲಿನ ಸೆಟ್ಟು ವಾಪಸು ಬಂದಿತ್ತು. ಮೇಣದ ವಸಡಿನಲ್ಲಿ ತಾನೇ ಒಂದೊಂದಾಗಿ ಕೂರಿಸಿ, ಬಿಸಿ ಚಾಕುವಿನ ತುದಿಯಿಂದ ತೀಡಿ, ಶಾಲೆಯ ಮಕ್ಕಳ ಹಾಗೆ ನೇರ ಸಾಲಿನಲ್ಲಿ ನಿಲ್ಲಿಸಿದ್ದ ಹಲ್ಲುಗಳನ್ನು ಅವಳು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದಳು. ತಪ್ಪೇನೂ ಕಾಣಲಿಲ್ಲ. ತಪ್ಪಿಲ್ಲದಿರುವುದೇ ತೊಂದರೆಯಂತೆ. "ಪೇಷಂಟು ಕನ್ನಡಿ ನೋಡ್ಕೊಂಡು ಇದು ಯಾರದೋ ಬಾಯಿ ಅಂದ್ಬಿಟ್ರಮ್ಮ," ಎಂದಿದ್ದರು ಫೋನಿನಲ್ಲಿ ಡಾಕ್ಟರು. "ಅವರ ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಸ್ವಲ್ಪ ಏರಿಕೊಂಡಿತ್ತಂತೆ. ಅದು ಹಾಗೇ ಬೇಕಂತೆ. ಇಲ್ದಿದ್ರೆ ಗಂಡ ಗುರುತು ಹಿಡಿಯಲ್ಲ ಅಂತಾರೆ." ಸ್ವಲ್ಪ ಎಂದರೆ ಎಷ್ಟು ಎಂದು ಕೇಳುವುದರೊಳಗೆ ಅವರು ಫೋನು ಇಟ್ಟಿದ್ದರು. ಬೇರೆ ದಿನವಾಗಿದ್ದರೆ ಇದಕ್ಕೆ ನಗು ಬರುತ್ತಿತ್ತು. ಇವತ್ತು ಆ ನೆಟ್ಟಗಿನ ಸಾಲು ತನ್ನನ್ನೇ ನೋಡಿ ಹಲ್ಲು ಕಿರಿಯುತ್ತಿದೆ ಅನ್ನಿಸಿತು. ಹೋದ ರಜೆಯ ದಿನ ಸಂಜೆ ಹಾಸಿಗೆಯ ಅಂಚಿನಲ್ಲಿ ಕೂತು ಫೋನಿಗೆ ಆಡಿದ ಮಾತು ಬೆಳಗಿನಿಂದ ನಾಲಿಗೆಯಡಿ ಸಿಕ್ಕಿಕೊಂಡ ಕೂದಲಿನ ಹಾಗೆ ಇತ್ತು. ತೆಗೆಯಲು ಹೋದರೆ ಬೆರಳಿಗೆ ಸಿಗುವುದಿಲ್ಲ, ಬಿಟ್ಟರೆ ಸುಮ್ಮನಿರುವುದಿಲ್ಲ. ನಿನಗೆ ಕಷ್ಟ ಆಗ್ತಿದ್ರೆ ಇದನ್ನ ನಿಲ್ಲಿಸಿಬಿಡೋಣ ಕಣೇ, ನಾನೇನೂ ಅಂದ್ಕೊಳ್ಳಲ್ಲ. ಹಾಗೆಂದು ಆಮೆಗೆ ಹೇಳಿ ಕಳಿಸಿದ್ದಳು. ಏನೂ ಅಂದುಕೊಳ್ಳದವಳು ಅದನ್ನು ಹೇಳುವ ಮೊದಲು ಯಾಕೆ ಅಷ್ಟು ಹೊತ್ತು ಗಂಟಲು ಸರಿಮಾಡಿಕೊಂಡಳೋ.

ಆಮೆ ಅಂದರೆ ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು. ಈಗ ದೂರದ ಊರಿನಲ್ಲಿ ಚಿಕ್ಕ ಮಕ್ಕಳಿಗೆ ಈಜು ಕಲಿಸುತ್ತಾಳೆ. ಕೊನೆಯ ಬ್ಯಾಚು ಮುಗಿಸಿ, ಒದ್ದೆ ಕೂದಲಿನಲ್ಲೇ ಮನೆಗೆ ನಡೆಯುವಾಗ ಅವಳು ಮಾತಾಡಿ ಕಳಿಸುವ ವಾಯ್ಸ್ ಮೆಸೇಜನ್ನು ಇವಳು ಮಾರನೆಯ ಬೆಳಿಗ್ಗೆ ಲ್ಯಾಬಿನ ಮೇಜಿನ ಮುಂದೆ, ಕೈಯಲ್ಲಿ ಮೇಣ ಹಿಡಿದು, ಗಟ್ಟಿಯಾಗಿ ಹಚ್ಚಿ ಕೇಳುವುದು. ಇಬ್ಬರ ಬಿಡುವೂ ಒಂದೇ ಹೊತ್ತಿಗೆ ಬರುವುದಿಲ್ಲವಾದ್ದರಿಂದ ಫೋನು ಮಾಡುವ ಪದ್ಧತಿಯನ್ನು ಎಂದೋ ಬಿಟ್ಟಿದ್ದರು. ಉತ್ತರ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಮನಸ್ಸು ಬಂದಾಗ ಇವಳೂ ಒಂದು ಕಳಿಸುತ್ತಾಳೆ. ಮುಖ್ಯವಾದದ್ದನ್ನು ಕೊನೆಗೆ ಹೇಳುವುದು ಇವಳ ಚಾಳಿ. ಮೊಟ್ಟೆ ತಿನ್ನುವಾಗಲೂ ಬಿಳಿಯದನ್ನೆಲ್ಲ ಮುಗಿಸಿ ಹಳದಿಯನ್ನು ಕೊನೆಗೆ ಉಳಿಸಿಕೊಳ್ಳುವವಳು. ಹಾಸ್ಟೆಲಿನ ಊಟದ ಮೇಜಿನಲ್ಲಿ ಆಮೆ ಅದನ್ನು ನೋಡಿ, "ಅಜ್ಜಿ, ನೀನು ಹಳದಿ ತಿನ್ನೋ ಹೊತ್ತಿಗೆ ಸತ್ತುಹೋದ್ರೆ ಏನೇ ಮಾಡ್ತೀಯ?" ಎಂದು ಕೇಳಿದ್ದಳು. ಎಲ್ಲಕ್ಕೂ ಮುಂಚೆಯೇ ಚಿಂತೆ ಮಾಡುತ್ತಾಳೆಂದು ಆಗಲೇ ಇವಳಿಗೆ ಅಜ್ಜಿಯೆಂಬ ಹೆಸರು ಅಂಟಿತ್ತು. ಆಮೇಲೆ ಕಟ್ಟುಹಲ್ಲಿನ ಕೆಲಸವೂ ಸಿಕ್ಕಿ ಹೆಸರು ಸಾರ್ಥಕವಾಯಿತು. ಆಮೆಗೆ ಆಮೆಯೆಂದು ಹೆಸರಿಟ್ಟದ್ದು ಯಾರೆಂದು ನೆನಪಿಲ್ಲ. ಶೂ ಲೇಸು ಕಟ್ಟಲು ಕೂತರೆ ಜಪಕ್ಕೆ ಕೂತ ಹಾಗೆ. ಅವಳ ಚೀಲವನ್ನೂ ತನ್ನ ಚೀಲವನ್ನೂ ಎರಡು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ನಿಂತು, ಬಸ್ಸು ಹೋದ ಸದ್ದು ಕಿಟಕಿಯಿಂದ ಕೇಳಿ, ಇವಳ ಮೈ ಉರಿಯುತ್ತಿತ್ತು. "ಹೋದ್ರೆ ಹೋಗ್ಲಿ ಬಿಡೇ, ಇನ್ನೊಂದು ಬರುತ್ತೆ," ಎನ್ನುತ್ತಿದ್ದಳು ಆಮೆ ಎರಡನೆಯ ಲೇಸಿಗೆ ಕೈಹಾಕುತ್ತ. ಕೊನೆಗೆ ಊರು ಬಿಟ್ಟು ಹೋಗುವ ದಿನವೂ ಅವಳು ತಡವಾಗಿಯೇ ಬಂದಳು. ಹೊರಟ ಬಸ್ಸಿನ ಜೊತೆ ಇವಳು ಓಡುತ್ತ ಕಿಟಕಿಯಿಂದ ಅವಳ ಚೀಲ ತುರುಕುವುದರಲ್ಲೇ ವಿದಾಯ ಮುಗಿದಿತ್ತು. ಹೇಳಬೇಕೆಂದು ಕೊನೆಗೆ ಉಳಿಸಿಕೊಂಡಿದ್ದ ಮಾತು ಹಾಗೇ ಉಳಿಯಿತು. ಏನಿತ್ತು ಆ ಮಾತು ಎಂದು ಈಗ ಯೋಚಿಸಿದರೆ ಏನೂ ಇರಲಿಲ್ಲ ಅನ್ನಿಸುತ್ತದೆ. ಕೈ ಹಿಡಿದುಕೊಂಡು ಸುಮ್ಮನೆ ಒಂದಿಷ್ಟು ಹೊತ್ತು ನಿಲ್ಲಬೇಕೆಂದಿದ್ದಿರಬೇಕು.

ಅಂಥವಳು ಬದಲಾಗಿದ್ದಳು. ಎಂದಿನಿಂದ ಎಂದು ಗೊತ್ತುಮಾಡಲಾಗದ ಹಾಗೆ, ಆಮೆಯ ಮಾತು ಚುರುಕಾಗಿತ್ತು. ಹೊಸ ಊರಿನ ನೀರು ಒಗ್ಗಿದೆ ಎಂದು ಮೊದಲು ಸಂತೋಷವೇ ಆಯಿತು. ವಾಕ್ಯದ ಬಾಲವನ್ನು ಇನ್ನೊಂದು ವಾಕ್ಯದ ತಲೆ ಮೆಟ್ಟಿಕೊಂಡು ಬರುತ್ತಿತ್ತು. ನಗುವೂ ಹಾಗೆಯೇ, ಚಕ್ಕನೆ ಬಂದು ಚಕ್ಕನೆ ಹೋಗುವ ನಗು. ಬರಬರುತ್ತ ಇವಳಿಗೆ ಆ ಸಂತೋಷದೊಳಗೆ ಒಂದು ಮುಳ್ಳು ಎದ್ದಿತು. ಯಾರೋ ಕಾಯುತ್ತಿದ್ದಾರೆ, ಅದಕ್ಕೆ ಅವಸರ. ನಡೆಯುವ ದಾರಿಯಲ್ಲಿ ಹಲ್ಲುಜ್ಜಿದ ಹಾಗೆ ಈ ಕೆಲಸವನ್ನೂ ಮುಗಿಸಿಬಿಡುತ್ತಿದ್ದಾಳೆ. ಪ್ರತಿ ಮೆಸೇಜಿನ ಕೊನೆಗೆ, 'ಸರಿ ಕಣೇ, ಇಡ್ಲಾ' ಎನ್ನುವುದಕ್ಕೆ ಸ್ವಲ್ಪ ಮುಂಚೆ ಒಂದು ಚಿಕ್ಕ ಉಸಿರು ಬರುತ್ತಿತ್ತು, ಹುಶ್ ಎಂದು, ಭಾರದ ಮೂಟೆ ಇಳಿಸಿದವರ ಉಸಿರು. ಆ ಹುಶ್ ಇವಳನ್ನು ಕೊಂದಿತು. ಬಂದು ಕೂತ ನೆಂಟರು ಮನೆಯವರ ಕಣ್ಣು ಗಡಿಯಾರದ ಕಡೆ ಹೋದದ್ದನ್ನು ಕಂಡು ಸೆರಗು ಸರಿಮಾಡಿಕೊಂಡು ಏಳುತ್ತಾರಲ್ಲ, ಹಾಗೆ ಏಳಬೇಕು ಅನ್ನಿಸತೊಡಗಿತು. ಅಮ್ಮನೂ ಒಮ್ಮೆ ಹೇಳಿದ್ದಳು, "ಈ ವಯಸ್ಸಿನಲ್ಲಿ ಗೆಳತಿಯರು ಉದುರೋದು ಸಹಜ ಬಿಡೇ, ನನಗೆ ಯಾರು ಉಳಿದಿದಾರೆ ಹೇಳು." ಅಮ್ಮ ಅದನ್ನು ಬಟ್ಟೆ ಮಡಿಸುತ್ತ, ಬೇಸರವೇ ಇಲ್ಲದೆ ಹೇಳಿದ್ದಕ್ಕೆ ಇವಳಿಗೆ ಹೆಚ್ಚು ಬೇಸರವಾಗಿತ್ತು. ಅದರ ಮೇಲೆ ಬೆಕ್ಕಿನ ಪ್ರಸಂಗ. ನಿನ್ನ ಕೆಳಗಿನ ಮನೆಯ ಬೆಕ್ಕು ಮರಿ ಹಾಕ್ತಾ ಎಂದು ಪ್ರೀತಿಯಿಂದ ಕೇಳಿ ಕಳಿಸಿದರೆ, "ನಾನು ಆ ಮನೆ ಬಿಟ್ಟು ಎಷ್ಟು ತಿಂಗಳಾಯ್ತು ಅಜ್ಜಿ, ಹೇಳಿದ್ನಲ್ಲ," ಎಂದು ಉತ್ತರ. ಹೇಳಿದ್ದಿರಬೇಕು. ಯಾವುದೋ ಬೆಳಿಗ್ಗೆ, ದೀಪದ ಬೆಂಕಿಗೆ ಚಾಕು ಹಿಡಿದಿದ್ದ ಹೊತ್ತಿಗೆ, ಆ ಚುರುಕು ಮಾತಿನ ನಡುವೆ ಒಂದು ಇಡೀ ಮನೆ ಬದಲಾಗಿಹೋಗಿತ್ತು, ಇವಳಿಗೆ ತಿಳಿದೇ ಇರಲಿಲ್ಲ. ತನ್ನ ತಪ್ಪಿಗೆ ನಾಚಿಕೆಯಾದಾಗ ಮನುಷ್ಯರು ಮಾಡುವುದನ್ನೇ ಇವಳೂ ಮಾಡಿದಳು. ಆಮೆಯ ಮೇಲೆ ಸಿಟ್ಟಾದಳು. ಆ ಸಿಟ್ಟಿಗೆ ಔದಾರ್ಯದ ಅಂಗಿ ತೊಡಿಸಿ, ನಿಲ್ಲಿಸಿಬಿಡೋಣ ಕಣೇ ಎಂದು ಕಳಿಸಿದಳು.

ಅದಕ್ಕೆ ಉತ್ತರ ಬರಲಿಲ್ಲ. ಅಥವಾ ಉತ್ತರವಲ್ಲದ್ದು ಬಂತು. ಮಾಮೂಲಿನಂತೆ ಒಂದು ಮೆಸೇಜು, ಅದರ ತುಂಬ ನೀರಿಗೆ ಮುಖ ಇಳಿಸಲು ಹೆದರುವ ಯಾವುದೋ ಮಗುವಿನ ಸುದ್ದಿ, ಆಮೇಲೆ ಅದೇ ಹುಶ್, ಸರಿ ಕಣೇ ಇಡ್ಲಾ. ಇವಳ ಮಾತಿನ ಪ್ರಸ್ತಾಪವೇ ಇಲ್ಲ. ಎರಡು ಸಲ ಕೇಳಿದ್ದಳು. ಬೇಡವೆಂದೂ ಅನ್ನಲಿಲ್ಲ, ಸರಿಯೆಂದೂ ಅನ್ನಲಿಲ್ಲ. ಬಾಗಿಲಲ್ಲಿ ನಿಂತವಳನ್ನು ಕಂಡೂ ಕಾಣದ ಹಾಗೆ ಒಳಗೆ ಹೋದಂತಾಯಿತು. ಅಂದಿನಿಂದ ಬೇರೆ ಮೆಸೇಜು ಬಂದಿಲ್ಲ.

"ಏನಮ್ಮಾ, ನಿನ್ನ ರೇಡಿಯೋ ಹಾಡೋದೇ ನಿಲ್ಲಿಸಿದೆ?" ಎಂದಳು ಪಾಲಿಶ್ ಅಕ್ಕ. ಆಚೆ ಮೂಲೆಯ ಯಂತ್ರದಲ್ಲಿ ಸಿದ್ಧವಾದ ಸೆಟ್ಟುಗಳಿಗೆ ಹೊಳಪು ಕೊಡುವವಳು; ಯಂತ್ರದ ಸದ್ದಿಗಿಂತ ಮೇಲೆ ಮಾತಾಡಿ ಅಭ್ಯಾಸವಾಗಿ, ಯಂತ್ರ ನಿಂತಾಗಲೂ ಕೂಗಿಯೇ ಮಾತಾಡುವವಳು.

"ಅವಳಿಗೆ ಕೆಲಸ ಜಾಸ್ತಿ ಅಕ್ಕ."

"ನಿಂಗೂ ಜಾಸ್ತಿ ಇದೆ, ನೋಡು. ಆ ಹಲ್ಲು ನೋಡ್ತಾ ಕೂತ್ರೆ ಅದೇ ಎದ್ದು ಏರಿಕೊಳ್ಳತ್ತಾ?"

ಅವಳು ಚಾಕು ಬಿಸಿ ಮಾಡಿದಳು. ಮುಂದಿನ ಹಲ್ಲಿನ ಬುಡದ ಮೇಣ ಬೆವರಿತು. ಹಲ್ಲನ್ನು ಬೆರಳಿನಿಂದ ಒಂದಿಷ್ಟೇ ಒತ್ತಿ ಪಕ್ಕದ್ದರ ಮೇಲೆ ವಾಲಿಸಿದಳು. ಹೆಚ್ಚಾಯಿತು, ಜಗಳಗಂಟಿಯ ಬಾಯಿ. ಹಿಂದಕ್ಕೆ ತಂದಳು. ಈಗ ಕಡಿಮೆ, ಅಪಘಾತವಾದಂತೆ ಕಾಣುತ್ತದೆ. ಬೇಕೆಂದು ಮಾಡಿದ ಸೊಟ್ಟಕ್ಕೂ ತಾನಾಗಿ ಬೆಳೆದ ಸೊಟ್ಟಕ್ಕೂ ಇರುವ ವ್ಯತ್ಯಾಸ ಇಂಥದ್ದೇ ಎಂದು ಹೇಳಲು ಬರುವುದಿಲ್ಲ, ಕಣ್ಣಿಗೆ ಮಾತ್ರ ತಕ್ಷಣ ಗೊತ್ತಾಗುತ್ತದೆ.

ಊಟದ ಹೊತ್ತಿಗೆ ಫೋನು ಬಡಿದುಕೊಂಡಿತು. ಲ್ಯಾಬಿನಲ್ಲಿ ಎಲ್ಲೆಲ್ಲೂ ಪ್ಲಾಸ್ಟರಿನ ಧೂಳಾದ್ದರಿಂದ ಅದು ಸದಾ ಒಂದು ಪ್ಲಾಸ್ಟಿಕ್ ಚೀಲದೊಳಗೆ ಇರುತ್ತದೆ. ಆ ಪ್ಲಾಸ್ಟಿಕ್ಕೂ ಬೆಳ್ಳಗೆ ಮಂಜಾಗಿ, ಒಳಗಿನ ಅಕ್ಷರ ಕಾಣದೆ, ಬರೀ ಅಂದಾಜಿನ ಮೇಲೆ ಬೆರಳ ಗೆಣ್ಣಿನಿಂದ ಒತ್ತುವುದು. ಒತ್ತಿದಳು. ಕೈತುಂಬ ಮೇಣವಾದ್ದರಿಂದ ಸ್ಪೀಕರಿಗೆ ಹಾಕಿದಳು.

"ಅಜ್ಜೀ..." ಎಂದಿತು ಆ ಕಡೆಯ ದನಿ.

ಆಮೆ. ಆದರೆ ಎಂಥ ದನಿ! ಮಾತಿಗೂ ಮಾತಿಗೂ ನಡುವೆ ಒಬ್ಬರು ಹಾದುಹೋಗುವಷ್ಟು ಜಾಗ. ಅತ್ತು ಮುಗಿಸಿದವರು, ಅಥವಾ ಆಸ್ಪತ್ರೆಯ ಮಂಚದಲ್ಲಿ ಅರೆ ಎಚ್ಚರವಾದವರು ಮಾತಾಡಿದ ಹಾಗೆ. ಇವಳು ಫೋನಿನ ಮೇಲೆ ಬಾಗಿದಳು.

"ಏನಾಯ್ತೇ?"

"ಏನಿಲ್ಲ... ಸುಮ್ನೆ ಮಾಡ್ದೆ."

"ಸುಮ್ನೆ ಯಾಕೆ ಮಾಡ್ತೀಯ? ಹುಷಾರಿಲ್ವಾ?"

"ಹುಷಾರಾಗೇ ಇದೀನಿ... ಕೊಳದ ಪಂಪು ಕೆಟ್ಟಿದೆ. ನೀರು ಖಾಲಿ ಮಾಡಿದಾರೆ... ಅದಕ್ಕೆ ಮೊನ್ನೆಯಿಂದ ರಜಾ."

"ಮಾತ್ರೆ ಏನಾದ್ರೂ ತಗೊಂಡಿದೀಯಾ?"

"ಇಲ್ವೇ. ಊಟ ತಗೊಂಡಿದೀನಿ."

"ಕೂತಿದೀಯಾ, ಮಲಗಿದೀಯಾ?"

"ಕೂತಿದೀನಿ... ಎದ್ದು ನಿಂತ್ಕೊಳ್ಲಾ?"

ಇದು ತನ್ನಿಂದಲೇ ಆಗಿದ್ದು ಎಂದು ಅವಳಿಗೆ ಖಾತ್ರಿಯಾಯಿತು. ಕೇಳಿದ್ದಾಳೆ, ನೊಂದಿದ್ದಾಳೆ, ಇಷ್ಟು ದಿನ ಒಳಗೇ ಇಟ್ಟುಕೊಂಡು ಕೊಳೆತಿದ್ದಾಳೆ. ಲವಲವಿಕೆಯ ಹುಡುಗಿಯನ್ನು ಒಂದೇ ಮಾತಿನಲ್ಲಿ ಹೀಗೆ ನೆಲ ಹಿಡಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಅದರ ಅಡಿಯಲ್ಲೇ, ಒಪ್ಪಿಕೊಳ್ಳಲು ನಾಚಿಕೆಯಾಗುವ ಹಾಗೆ, ಒಂದು ಸಣ್ಣ ಸಂತೋಷವೂ ಮಿಸುಕಿತು: ಇಷ್ಟು ನೋಯುವಷ್ಟು ನಾನು ಬೇಕಾಗಿದ್ದೆನೇ? ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಪಾಲಿಶ್ ಅಕ್ಕ ಬಂದು ಎದುರಿನ ಸ್ಟೂಲಿನಲ್ಲಿ ಕೂತಳು.

"ಯಾರಮ್ಮಾ ಅದು, ಪಾಪ, ಹುಷಾರಿಲ್ವಾ ಅವರಿಗೆ?"

"ನನ್ನ ಫ್ರೆಂಡು ಅಕ್ಕ. ದಿನಾ ಕೇಳ್ತೀಯಲ್ಲ, ಅವಳೇ."

"ಸುಮ್ನಿರು. ಆ ಹುಡುಗಿ ಕಾಳು ಹುರಿದ ಹಾಗೆ ಚಟಪಟ ಚಟಪಟ ಅಂತಾಳೆ. ಅವಳ ಮಾತು ಕೇಳ್ತಾ ಕೇಳ್ತಾ ನಾನೂ ಯಂತ್ರ ಜೋರಾಗಿ ತಿರುಗಿಸಿಬಿಡ್ತೀನಿ. ಇದು ಬೇರೆ ಯಾರೋ."

"ನಾನಾ? ಚಟಪಟ?" ಎಂದಳು ಆಮೆ. "ಅಕ್ಕಾ, ಇದನ್ನ ನಮ್ಮಪ್ಪನಿಗೆ ಹೇಳಿ... ಖುಷಿಯಲ್ಲಿ ಅತ್ತುಬಿಡ್ತಾರೆ."

ಅವಳು ಫೋನಿನ ಮೇಲಿನ ಪ್ಲಾಸ್ಟಿಕ್ಕನ್ನು ಹೆಬ್ಬೆರಳಿನಿಂದ ಉಜ್ಜಿದಳು. ಬಿಳಿ ಮಂಜು ಸರಿದು ಗಾಜು ಕಂಡಿತು. ಆಮೆಯ ಮೆಸೇಜುಗಳ ಸಾಲಿಗೆ ಹೋಗಿ ಕೊನೆಯದರ ಮೇಲೆ ಬೆರಳಿಟ್ಟು ಹಾಗೇ ತಡೆದಳು. ಪಕ್ಕದಲ್ಲಿ ಚಿಕ್ಕದಾಗಿ ಒಂದು ಅಂಕಿ ಇತ್ತು. ಒಂದೂವರೆ. ಆಗ, ಕತ್ತಲ ಕೋಣೆಯಲ್ಲಿ ಎಡವಿದ ಸ್ಟೂಲು ದೀಪ ಹಾಕಿದಾಗ ತಾನಿಟ್ಟಲ್ಲೇ ಇದೆಯೆಂದು ಕಂಡ ಹಾಗೆ, ಎಲ್ಲ ನೆನಪಾಯಿತು. ಅಮ್ಮನಿಗೆ ಕಣ್ಣಿನ ಆಪರೇಷನ್ ಆದ ದಿನಗಳು; ಲ್ಯಾಬಿನಲ್ಲಿ ಕೆಲಸದ ರಾಶಿ; ಕೇಳದೆ ಉಳಿದ ಆಮೆಯ ಮೆಸೇಜುಗಳು ತೊಳೆಯದ ಪಾತ್ರೆಗಳ ಹಾಗೆ ಒಂದರ ಮೇಲೊಂದು ಕೂತಿದ್ದವು. ಬೇಗ ಮುಗಿಸೋಣ, ಇದೊಂದು ಸಲ ಎಂದು ಮೆಸೇಜು ಓಡುವ ವೇಗವನ್ನು ಒಂದೂವರೆ ಪಟ್ಟು ಮಾಡಿದ್ದಳು. ಆಮೇಲೆ ಅಮ್ಮನ ಕಣ್ಣು ಸರಿಹೋಯಿತು, ರಾಶಿ ಕರಗಿತು, ಪ್ಲಾಸ್ಟಿಕ್ಕಿನ ಮೇಲೆ ಧೂಳು ಕೂತಿತು. ಅಂಕಿ ಅಲ್ಲೇ ಉಳಿಯಿತು. ಇಷ್ಟು ಕಾಲ, ಆಮೆಯನ್ನು ಆಮೆಯೆಂದು ಕರೆಯುತ್ತಲೇ, ಅವಳು ಓಡುತ್ತಿದ್ದಾಳೆಂದು ನಂಬಿದ್ದಳು. ಆ ಹೊಸ ಊರಿನ ಲವಲವಿಕೆ, ಕಾಯುತ್ತಿದ್ದ ಯಾರೋ, ಮೆಟ್ಟಿಕೊಂಡು ಬರುವ ವಾಕ್ಯಗಳು, ಎಲ್ಲವನ್ನೂ ತನ್ನ ಬೆರಳೇ ಮಾಡಿಟ್ಟಿತ್ತು. ಅದನ್ನು ನಂಬಿ ಕೊರಗಿದ್ದೂ ತಾನೇ.

ಹೇಳದೆ ದಾಟಿಸಬಹುದಿತ್ತು. ಸುಳ್ಳೊಂದು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಆದರೆ ಆಮೆಯ ತಲೆ ಓಡುವುದು ನಿಧಾನವಾದರೂ ಮುಟ್ಟುವ ಜಾಗವನ್ನು ಎಂದೂ ತಪ್ಪಿಸಿಕೊಂಡದ್ದಿಲ್ಲ.

"ಅಜ್ಜಿ..." ಎಂದಳು. "ನೀನು ನನ್ನನ್ನ... ಓಡಿಸ್ಕೊಂಡು ಕೇಳ್ತಿದೀಯಾ?"

ಪಾಲಿಶ್ ಅಕ್ಕ ಡಬ್ಬಿಯ ಮುಚ್ಚಳವನ್ನು ಸದ್ದಾಗದ ಹಾಗೆ ತೆರೆದಳು.

"ಅಮ್ಮನ ಆಪರೇಷನ್ ಟೈಮಲ್ಲಿ ಹಾಕಿದ್ದು ಕಣೇ," ಎಂದಳು ಅವಳು. ಮುಖ ಬಿಸಿಯಾಯಿತು. "ತೆಗೆಯೋದು ಮರೆತೋಯ್ತು."

"ಆಪರೇಷನ್ ಆಗಿ... ವರ್ಷ ಆಯ್ತಲ್ಲೇ."

"ಹೂಂ."

ಆ ಕಡೆಯಿಂದ ಏನೋ ಕೇಳಿಸಿತು. ಮೊದಲು ಅಳುವೋ ಏನೋ ಅನ್ನಿಸಿತು. ಅದು ಒಲೆಯ ಮೇಲಿಟ್ಟ ನೀರಿನ ಹಾಗೆ ತಳದಲ್ಲಿ ಗುಳುಗುಳು ಎಂದು, ಬದಿಗಳಿಗೆ ಹರಡಿ, ಎಷ್ಟೋ ಹೊತ್ತಿನ ಮೇಲೆ ಉಕ್ಕಿತು. ಆಮೆ ನಗುತ್ತಿದ್ದಳು. ಹಾಸ್ಟೆಲಿನಲ್ಲಿ ದೀಪ ಆರಿಸಿದ ಮೇಲೆ ಹೇಳಿದ ಜೋಕಿಗೆ ಎಲ್ಲರೂ ನಕ್ಕು ಮುಗಿಸಿ ಮಗ್ಗುಲಾದ ನಂತರ ಪಕ್ಕದ ಮಂಚ ಅಲುಗತೊಡಗುತ್ತಿತ್ತಲ್ಲ, ಅದೇ ನಗು. ಇದನ್ನು ಮರೆತೇಬಿಟ್ಟಿದ್ದೆನಲ್ಲ ಎನ್ನುವಷ್ಟರಲ್ಲಿ ಅವಳಿಗೂ ನಗು ಬಂತು. ಪಾಲಿಶ್ ಅಕ್ಕ ಯಾಕೆಂದು ಪೂರ್ತಿ ತಿಳಿಯದೆಯೇ ಜೊತೆಗೂಡಿದಳು.

"ಅಯ್ಯೋ... ಅಜ್ಜಿ... ನಾನು ಬೈಬೇಕು ನಿನಗೆ. ಆದ್ರೆ ಬೈಯೋ ಮುಖ ನನಗಿಲ್ಲ," ಎಂದಳು ಆಮೆ, ಉಸಿರು ತಿರುಗಿದ ಮೇಲೆ. "ನಿನ್ನ ಮೆಸೇಜು ನಾನು ದಿಂಬಿನ ಪಕ್ಕ ಇಟ್ಕೊಂಡು ಕೇಳೋದು. ನಿನ್ನ ದನಿ ಶುರುವಾದ್ರೆ ಸಾಕು... ಹಾಸ್ಟೆಲ್ಲೇ ಅನ್ಸತ್ತೆ. ನೀನು ಆ ಕಡೆ ಮಂಚದಲ್ಲಿ ಯಾವುದಕ್ಕೋ ಚಿಂತೆ ಮಾಡ್ತಾ ಇದೀಯ, ಇನ್ನು ನನಗೇನು ಅಂತ... ನಿದ್ದೆ ಬಂದ್ಬಿಡತ್ತೆ. ಕೊನೇತನಕ ಕೇಳಿ ಎಷ್ಟು ಕಾಲ ಆಯ್ತೋ."

ಅವಳು ಕೈಯಲ್ಲಿದ್ದ ಮೇಣವನ್ನು ಮೇಜಿನ ಮೇಲಿಟ್ಟಳು. "ಕೊನೇದನ್ನ ಕೇಳೇ ಇಲ್ವಾ?"

"ಯಾವುದ್ರ ಕೊನೇದು?"

"ಹೋದ ರಜಾ ದಿನದ್ದು."

"ನಿಮ್ಮ ಲ್ಯಾಬಲ್ಲಿ ಹೊಸ ಓವನ್ ಬಂತು ಅಂದೆ... ಅಲ್ಲೀತನಕ ಗೊತ್ತು. ಆಮೇಲೆ ಏನಾಯ್ತು? ಸಿಡಿದೋಯ್ತಾ?"

ಅಂದರೆ ಆ ಮಾತು ಯಾರನ್ನೂ ಮುಟ್ಟಿರಲಿಲ್ಲ. ದೂರದ ಊರಿನ ಒಂದು ದಿಂಬಿನ ಪಕ್ಕ, ಮಲಗಿದವಳ ಕಿವಿಯ ಹೊರಗೇ, ತನ್ನಷ್ಟಕ್ಕೆ ಹೇಳಿಕೊಂಡು ಮುಗಿದಿತ್ತು. ಹಾಗಾದರೆ ಉಳಿದ ಹಳದಿಗಳೆಲ್ಲ? ಅಮ್ಮನ ಕಣ್ಣಿಗೆ ಏನಾದರೂ ಆಗಿಬಿಟ್ಟರೆ ಎಂದು ಅತ್ತದ್ದು, ತನಗೆ ಬೇಡವಾಗಿದ್ದ ಮದುವೆಯ ಸಂಬಂಧವೊಂದು ಮುರಿದಾಗ ಹಗುರಾಗಿದೆ ಎಂದದ್ದು, ಹುಟ್ಟುಹಬ್ಬಕ್ಕೆ ಹೇಳಿದ ಹಾರೈಕೆ, ಎಲ್ಲ ಕೊನೆಯಲ್ಲೇ ಇದ್ದವು. ಒಂದು ಕ್ಷಣ ಹೊಟ್ಟೆ ಖಾಲಿಯಾದ ಹಾಗಾಯಿತು. ಮರುಕ್ಷಣ, ತನ್ನ ದನಿ ಕೇಳಿ ಒಬ್ಬಳು ನಿಶ್ಚಿಂತೆಯಿಂದ ನಿದ್ದೆ ಹೋಗುತ್ತಾಳೆ ಎಂಬುದು ಆ ಖಾಲಿ ಜಾಗದಲ್ಲಿ ಬೆಚ್ಚಗೆ ಬಂದು ಕೂತಿತು. ತನ್ನ ಚಿಂತೆಯಿಂದ ಯಾರಿಗಾದರೂ ನಿದ್ದೆ ಬಂದೀತು ಎಂದು ಅವಳು ಎಂದೂ ಯೋಚಿಸಿರಲಿಲ್ಲ.

"ಇವತ್ತು ರಜಾ ತಾನೇ. ಈಗಲೇ ಕೂತ್ಕೊಂಡು ಪೂರ್ತಿ ಕೇಳ್ತೀನಿ ಇರು," ಎಂದಳು ಆಮೆ.

"ಬೇಡ."

"ಯಾಕೆ?"

ಇಲ್ಲಿ ಏನಾದರೂ ಹೇಳಿ ತೇಲಿಸಿಬಿಡಬಹುದಿತ್ತು. ಪಾಲಿಶ್ ಅಕ್ಕ ಡಬ್ಬಿ ಎತ್ತಿಕೊಂಡು, ನೀರು ತರುತ್ತೇನೆಂದು ಯಾರಿಗೆಂದಿಲ್ಲದೆ ಹೇಳುತ್ತ ಒಳಗೆ ಹೋದಳು.

"ಅದರ ಕೊನೇಲಿ ಒಂದು ಪೆದ್ದು ಮಾತಿದೆ."

"ಎಷ್ಟು ಪೆದ್ದು?"

"ಈ ಮೆಸೇಜು ಗಿಸೇಜು ಎಲ್ಲ ನಿಲ್ಲಿಸಿಬಿಡೋಣ ಅಂತ. ನಿನಗೆ ಪುರುಸೊತ್ತಿಲ್ಲ, ನಾನು ಸುಮ್ನೆ ಗಂಟುಬಿದ್ದಿದೀನಿ ಅಂತ."

ಮೌನ ಬೆಳೆಯಿತು. ಅದನ್ನು ತುಂಬಲು ಇವಳ ಬಾಯಲ್ಲಿ ಮಾತುಗಳು ತಳ್ಳಾಡುತ್ತ ಬಂದವು: ತಮಾಷೆಗೆ ಅಂದೆ, ಅವತ್ತು ತಲೆನೋವಿತ್ತು, ಮರೆತುಬಿಡು. ಒಂದನ್ನೂ ಹೊರಗೆ ಬಿಡಲಿಲ್ಲ. ಎರಡು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೇನೆ, ಅವಳು ಎರಡನೆಯ ಲೇಸು ಕಟ್ಟುತ್ತಿದ್ದಾಳೆ, ಬಸ್ಸು ಹೋದರೆ ಹೋಗಲಿ, ಎಂದು ತನಗೆ ತಾನೇ ಹೇಳಿಕೊಂಡು ಕಾದಳು. ಆ ಕಡೆ ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು.

"ಸರಿ," ಎಂದಳು ಆಮೆ ಕೊನೆಗೆ. "ಹಾಗಾದ್ರೆ ಅದನ್ನ ಇವತ್ತು ರಾತ್ರೀನೇ ಕೇಳ್ತೀನಿ. ಓವನ್ ಬರೋ ಹೊತ್ತಿಗೆ ನಿದ್ದೆ ಮಾಡ್ಬಿಡ್ತೀನಿ."

ಅವಳು ಮೇಣದ ಕೈಯಿಂದಲೇ ಕಣ್ಣು ಒರೆಸಿಕೊಂಡಳು.

"ಅಳ್ತಿದೀಯಾ?"

"ಇಲ್ಲ. ಕಣ್ಣಿಗೆ ಮೇಣ."

"ಅಜ್ಜಿ, ಇನ್ನು ಮೇಲೆ ಮುಖ್ಯವಾದ್ದನ್ನ ಮೊದಲು ಹೇಳೇ. ಆಮೇಲೆ ಓವನ್ನು."

"ನೀನು ಬೇಗ ಬೇಗ ಮಾತಾಡು ಹಾಗಾದ್ರೆ."

"ಅದು ಆಗದ ಮಾತು ಬಿಡು."

ಫೋನಿಟ್ಟ ಮೇಲೆ ಅವಳು ಬೇರೆ ಏನೂ ಮಾಡಲಿಲ್ಲ. ಫೋನನ್ನು ಚೀಲದಿಂದ ತೆಗೆದು ಅಂಕಿಯನ್ನು ಒಂದಕ್ಕೆ ಇಳಿಸಿದಳು. ಹೊಸ ಪ್ಲಾಸ್ಟಿಕ್ ಸುತ್ತಿ ಮೇಜಿನ ಅಂಚಿಗೆ ಒರಗಿಸಿ, ಎರಡು ಸಲ ಕೇಳಿದ್ದ ಆ ಮಗುವಿನ ಮೆಸೇಜನ್ನೇ ಮತ್ತೆ ಹಚ್ಚಿದಳು. ಹಲ್ಲಿನ ಸೆಟ್ಟನ್ನು ಎಡಗೈಗೆ ತೆಗೆದುಕೊಂಡಳು. ಆಮೆ ನಡೆಯುತ್ತಿದ್ದಳು. ಹಿಂದೆ ಕೇಳಿದಾಗ ಏನೋ ಕರಕರ ಎಂದಿದ್ದು ಅವಳ ಹೆಜ್ಜೆಗಳ ಸದ್ದಾಗಿತ್ತು, ಒಂದು ಕಾಲು ತುಸು ಎಳೆದು ಹಾಕುವ ಹೆಜ್ಜೆ. ಆ ಕಾಲನ್ನು ಇವಳು ಬಲ್ಲಳು. ಯಾರೋ ಸೈಕಲ್ಲಿನವರು ಹೋದರು. ಮಗು ನೀರಿಗೆ ಮುಖ ಇಳಿಸಲು ಒಲ್ಲೆನೆಂದು ಕೊಳದ ಅಂಚು ಹಿಡಿದು ನಿಂತಿತ್ತಂತೆ. "ನಾನೂ... ಪಕ್ಕದಲ್ಲಿ ನಿಂತೆ. ಏನೂ ಹೇಳ್ಲಿಲ್ಲ." ಅಲ್ಲೊಂದು ಬಿಡುವು, ಎಷ್ಟು ಉದ್ದವೆಂದರೆ ಇವಳ ಕೈ ತನಗೇ ತಿಳಿಯದ ಹಾಗೆ ಫೋನಿನ ಕಡೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು ಆ ಕೈಗೆ ಚಾಕು ಕೊಟ್ಟಳು. ಮೇಣ ಮೆತ್ತಗಾಯಿತು. ಮಗು ಮುಖ ಇಳಿಸಿತಂತೆ, ಎದ್ದು ಬಂದು ಮೂಗಿನಿಂದ ನೀರು ಸುರಿಸುತ್ತ, ಮೀನು ಕಾಣಲಿಲ್ಲ ಎಂದಿತಂತೆ. ಇಷ್ಟು ಒಳ್ಳೆಯ ಮಾತನ್ನು ಎರಡು ಸಲ ಕೇಳಿಯೂ ನಕ್ಕಿರಲಿಲ್ಲವಲ್ಲ.

ಆಮೇಲೆ ಹೆಜ್ಜೆಗಳು ನಿಂತವು. ಮಾತು ನಿಂತಿರಲಿಲ್ಲ. ಅವಳು ಮನೆ ಮುಟ್ಟಿದ್ದಳು. ಬೀಗದ ಕೈಯ ಗೊಂಚಲು ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಬಾಗಿಲು ತೆರೆಯಲಿಲ್ಲ. ಮೆಟ್ಟಿಲ ಮೇಲೆ ಎಲ್ಲೋ ಕೂತಳು, ಆ ಉದ್ದದ, ಕಾಲು ಚಾಚಿದವರ ಉಸಿರು ಬಂತು. ಆ ಹುಶ್, ಅದೇ ಇದು. ಒದ್ದೆ ತಲೆಯಲ್ಲಿ, ಹೊರಗಿನ ಗಾಳಿಯಲ್ಲಿ, ಒಳಗೆ ಹೋಗದೆ ಕೂತು ಆಮೆ ಇನ್ನೂ ಒಂದಿಷ್ಟು ಮಾತಾಡಿದಳು. ಅಂಥ ವಿಷಯವೇನೂ ಇರಲಿಲ್ಲ. ಸಾಬೂನು ತರುವುದು ಮರೆತದ್ದು, ಎದುರು ಮನೆಯ ದೀಪದ ಬಣ್ಣ. ನಡುನಡುವೆ ಏನೂ ಇಲ್ಲದ ಜಾಗಗಳು. ಆ ಜಾಗಗಳಲ್ಲಿ ಅವಳು ಹಲ್ಲನ್ನು ಪಕ್ಕದ್ದರ ಮೇಲೆ ಒರಗಿಸಿ, ಮೇಣ ಆರುವವರೆಗೆ ಬೆರಳಿನಿಂದ ಹಿಡಿದಿದ್ದಳು. ಬೆರಳು ತೆಗೆದಾಗ ಅದು ಹುಟ್ಟಿದಾಗಿನಿಂದ ಹಾಗೇ ಇದ್ದ ಹಾಗೆ ನಿಂತಿತ್ತು.

"ನಿನ್ನ ರೇಡಿಯೋಗೆ ಬ್ಯಾಟರಿ ಇಳಿದಿದೆ ಕಣಮ್ಮಾ," ಎಂದು ಕೂಗಿದಳು ಮೂಲೆಯಿಂದ ಪಾಲಿಶ್ ಅಕ್ಕ.

"ಇರ್ಲಿ ಬಿಡಕ್ಕ," ಎಂದಳು ಅವಳು, ಆಮೆ ಮುಂದಿನ ಮಾತಿಗೆ ಬರುವುದನ್ನು ಕಾಯುತ್ತ.